ಸ್ಕೆಲ್ಡೇಯಲ್ಲಿ ಊಟದ ವ್ಯವಸ್ಥೆ

ಕಿರುದ್ವೀಪಗಳ ಪ್ರವಾಸಿ ಕೈಪಿಡಿಯಲ್ಲಿ ಸ್ಕೆಲ್ಡೇ ದ್ವೀಪಕ್ಕೆ ಸಿಕ್ಕಿದ್ದು ಅರ್ಧ ಪುಟ. ಆ ಅರ್ಧ ಪುಟದ ಕೊನೆಯ ಸಾಲನ್ನು ಓಸ್ಲಾ ಎಷ್ಟು ಸಲ ಓದಿದ್ದಳೆಂದರೆ ಕಣ್ಣು ಮುಚ್ಚಿದರೂ ಅದರ ಅಕ್ಷರಗಳು ಕಾಣುತ್ತಿದ್ದವು: 'ಇಲ್ಲಿ ಊಟದ ವ್ಯವಸ್ಥೆ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ.' ಪ್ರತಿ ಏಪ್ರಿಲ್‌ನಲ್ಲಿ ಹೊಸ ಕೈಪಿಡಿ ಬರುತ್ತಿತ್ತು, ಮುಖಪುಟದ ಚಿತ್ರ ಬದಲಾಗುತ್ತಿತ್ತು, ಆ ಸಾಲು ಮಾತ್ರ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ.

ಊಟದ ವ್ಯವಸ್ಥೆ ಇತ್ತು. ಓಸ್ಲಾಳೇ ಆ ವ್ಯವಸ್ಥೆ. ಮಕ್ಕಳಿಲ್ಲದೆ ಮುಚ್ಚಿಹೋಗಿದ್ದ ಹಳೇ ಶಾಲೆಯನ್ನು ಊರಿನವರಿಂದ ಕೇಳಿ ಪಡೆದು, ಗೋಡೆಗೆ ಸುಣ್ಣ ಬಳಿದು, ಆರು ಮೇಜು ಹಾಕಿ, ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಹೆಸರು ಬರೆದು, ಮೇ ತಿಂಗಳಲ್ಲಿ ಹೋಟೆಲ್ ತೆರೆದಿದ್ದಳು. ಅದಕ್ಕೆ ಮುಂಚೆ ಹನ್ನೊಂದು ವರ್ಷ ಲರ್ವಿಕ್ ಪೇಟೆಯ ಮೀನಿನ ಕಾರ್ಖಾನೆಯಲ್ಲಿ ರಬ್ಬರ್ ಬೂಟು ಹಾಕಿಕೊಂಡು ಮೀನು ಸೀಳಿದ್ದಳು. ಮಂಜುಗಡ್ಡೆಯ ನೀರಿನಲ್ಲಿ ಬೆರಳು ಮರಗಟ್ಟಿಸಿಕೊಂಡು, ಕೂದಲಿನಿಂದ ವಾಸನೆ ಹೋಗಿಸಲಾಗದೆ, ಕಿಟಕಿಯಿಲ್ಲದ ಬಾಡಿಗೆ ಕೋಣೆಯಲ್ಲಿ ಮಲಗಿ, ಪ್ರತಿ ದಿನ ನೆನೆಸಿಕೊಂಡಿದ್ದು ಸ್ಕೆಲ್ಡೇಯನ್ನು. ಮೂವತ್ತೆಂಟನೇ ವಯಸ್ಸಿಗೆ ಧೈರ್ಯ ಮಾಡಿ ವಾಪಸು ಬಂದಿದ್ದಳು. ಹೋಟೆಲ್ ನಡೆದರೆ ಹುಟ್ಟಿದ ದ್ವೀಪದಲ್ಲಿ ಉಳಿಯುವುದು, ನಡೆಯದಿದ್ದರೆ ಮತ್ತೆ ಅದೇ ಬೂಟು.

ದೋಣಿ ವಾರಕ್ಕೆ ಎರಡು ಸಲ. ಮಂಗಳವಾರ ಟಪಾಲು ಮತ್ತು ಸಾಮಾನು, ಶನಿವಾರ ಪ್ರವಾಸಿಗರು. ಶನಿವಾರದ ದೋಣಿ ಹನ್ನೊಂದಕ್ಕೆ ದಕ್ಷಿಣದ ದಕ್ಕೆಗೆ ಬಂದು ಮೂರೂವರೆಗೆ ಹೊರಟುಬಿಡುತ್ತದೆ. ದಕ್ಕೆಯಿಂದ ಉತ್ತರದ ತುದಿಯ ಶಾಲೆಗೆ ಎರಡು ಮೈಲಿ, ಇರುವುದೊಂದೇ ರಸ್ತೆ, ರಸ್ತೆಯುದ್ದಕ್ಕೂ ಒಂಬತ್ತು ಮನೆ. ಪಫಿನ್ ಹಕ್ಕಿಗಳ ಬಂಡೆಯಾಗಲಿ, ದೀಪಸ್ತಂಭವಾಗಲಿ ಇರುವುದು ಉತ್ತರದಲ್ಲೇ. ಬಂದವರು ಎರಡು ಮೈಲಿ ಎದುರುಗಾಳಿಗೆ ನಡೆದು, ಹಸಿದು, ಓಸ್ಲಾಳ ಬಾಗಿಲಿಗೇ ಬಂದು ಬೀಳಬೇಕು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆ ಒಂಬತ್ತು ಮನೆಗಳನ್ನು ಮಾತ್ರ ಅವಳು ಅದರಲ್ಲಿ ಸೇರಿಸಿರಲಿಲ್ಲ.

ಜೂನ್ ತಿಂಗಳ ಮೂರನೇ ಶನಿವಾರ ಒಲೆಯ ಮೇಲೆ ದೊಡ್ಡ ಪಾತ್ರೆ ತುಂಬ ಸೂಪು ಕುದಿಯುತ್ತಿತ್ತು. ಉಪ್ಪು ಹಚ್ಚಿ ಹೊಗೆಯಲ್ಲಿ ಒಣಗಿಸಿದ ಕುರಿಮಾಂಸ, ಆಲೂಗಡ್ಡೆ, ಕ್ಯಾರೆಟ್. ಪಕ್ಕದಲ್ಲಿ ಕಾವಲಿಯ ಮೇಲೆ ಬೇಯಿಸಿದ ದಪ್ಪ ಬ್ಯಾನಕ್ ರೊಟ್ಟಿಗಳ ರಾಶಿ. ಹನ್ನೆರಡಾಯಿತು, ಒಂದಾಯಿತು. ಬಾಗಿಲು ತೆಗೆದು ನೋಡಿದರೆ ರಸ್ತೆಯಲ್ಲಿ ಎರಡು ಕುರಿ. ಒಂದೂವರೆಗೆ ಓಸ್ಲಾ ಏಪ್ರನ್ ಬಿಚ್ಚಿ ಸೈಕಲ್ ಹತ್ತಿದಳು.

ದಕ್ಕೆಗೆ ಅಂಟಿಕೊಂಡ ಹಾಗಿರುವ ಮೊದಲ ಮನೆ ಅವಳ ಸೋದರತ್ತೆ ಸಿನ್ನಿಯದು. ಎಪ್ಪತ್ತಾರು ವರ್ಷದ ಸಿನ್ನಿ ಅತ್ತೆ ಅಡುಗೆಮನೆಯಲ್ಲಿ ಐದು ಜನ ಜರ್ಮನರನ್ನು ಮೇಜಿನ ಸುತ್ತ ಕೂರಿಸಿ ಸೂಪು ಬಡಿಸುತ್ತಿದ್ದಳು. ಒಬ್ಬರಿಗೂ ಅವಳ ಮಾತು ತಿಳಿಯದು, ಅವಳಿಗೆ ಅವರದ್ದು ತಿಳಿಯದು. ಬಟ್ಟಲು ಖಾಲಿಯಾದ ಕೂಡಲೇ ತುಂಬುತ್ತಿದ್ದಳು, ಅವರು ಬೇಡವೆನ್ನಲು ಕೈ ಅಡ್ಡ ಹಿಡಿದರೆ ಕೈಯನ್ನು ಪಕ್ಕಕ್ಕೆ ಸರಿಸಿ ತುಂಬುತ್ತಿದ್ದಳು.

"ಬಾರೇ ಓಸ್ಲಾ, ಕೂತ್ಕೋ. ನೀನೂ ಒಂದ್ ಬಟ್ಟಲು ಕುಡಿ."

"ಅತ್ತೆ, ಸ್ವಲ್ಪ ಹೊರಗೆ ಬಾ."

ಹೊರಗೆ ಗಾಳಿಗೆ ಇಬ್ಬರ ಕೂದಲೂ ಮುಖಕ್ಕೆ ಹೊಡೆಯುತ್ತಿತ್ತು.

"ಅವರು ನನ್ನ ಹೋಟೆಲಿಗೆ ಬರೋ ಗಿರಾಕಿಗಳು ಅತ್ತೆ."

"ಬರ್ತಾರೆ ಕಣೆ, ಯಾರು ಬೇಡ ಅಂದ್ರು? ತಿಂದಾದ್ಮೇಲೆ ಕಳಿಸ್ತೀನಿ."

"ತಿಂದಾದ್ಮೇಲೆ ಹೋಟೆಲಿಗೆ ಏನ್ ಮಾಡೋಕೆ ಬರ್ತಾರೆ?"

ಸಿನ್ನಿ ಅತ್ತೆ ಸೊಸೆಯ ಮುಖವನ್ನು ಜ್ವರ ಬಂದಿದೆಯೇನೋ ಎಂಬಂತೆ ನೋಡಿದಳು. "ಅಲ್ವೇ, ಮನೆ ಮುಂದೆ ಮನುಷ್ಯರು ಹೋಗ್ತಾ ಇರ್ತಾರೆ. ಗಾಳಿಗೆ ಮೂಗೆಲ್ಲ ಕೆಂಪಗಾಗಿರುತ್ತೆ. ಒಳಗೆ ಬನ್ನಿ ಅನ್ನದೆ ಬಾಗಿಲು ಹಾಕ್ಕೊಂಡು ಕೂತ್ಕೊಳ್ಲಾ ನಾನು? ನಿಮ್ಮಜ್ಜಿ ಗೋರಿಯಿಂದ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸ್ತಾಳೆ."

ಓಸ್ಲಾ ಅಲ್ಲಿಂದ ಶಾಲೆಗೆ ವಾಪಸು ಹೋಗುವಾಗ ಉಳಿದ ಎಂಟು ಮನೆಗಳ ಕಿಟಕಿಗಳಲ್ಲೂ ಬಣ್ಣಬಣ್ಣದ ಮಳೆಕೋಟುಗಳು ಕಂಡವು. ಆ ದಿನ ದೋಣಿಯಿಂದಿಳಿದ ಇಪ್ಪತ್ತೆರಡು ಜನರಲ್ಲಿ ಇಪ್ಪತ್ತೆರಡೂ ಜನ ಯಾರದೋ ಮನೆಯಲ್ಲಿ ಉಂಡಿದ್ದರು. ಪಾತ್ರೆ ತುಂಬ ಉಳಿದ ಸೂಪನ್ನು ಅವಳು ಬುಧವಾರದವರೆಗೂ ಒಬ್ಬಳೇ ಕುಡಿದಳು. ಕುಡಿಯುವಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕೆಟ್ಟ ಜನರಾಗಿದ್ದರೆ ಎದುರಿಗೆ ನಿಂತು ನಾಲ್ಕು ಮಾತು ಬೈದು ಹಗುರಾಗಬಹುದಿತ್ತು.

ಊರಿನವರಾದರೂ ಬಂದು ತಿನ್ನುತ್ತಾರೆಯೇ? ಬರುತ್ತಿದ್ದರು, ಧಾರಾಳವಾಗಿ ಬರುತ್ತಿದ್ದರು. ಶಾಲೆಗೆ ಹತ್ತಿರದ ಮನೆಯ ಮ್ಯಾನ್ಸಿ ಹೋಟೆಲ್ ತೆರೆದ ಮೊದಲ ದಿನವೇ ಬಂದಿದ್ದ. ಹೆಂಡತಿ ಸತ್ತ ಮೇಲೆ ಒಂಟಿಯಾಗಿ ಕುರಿ ಸಾಕಿಕೊಂಡಿದ್ದ ಎಪ್ಪತ್ತರ ಮುದುಕ, ಓಸ್ಲಾಳ ಅಪ್ಪನ ಜೊತೆ ಒಂದೇ ದೋಣಿಯಲ್ಲಿ ಮೀನು ಹಿಡಿದವನು. ಗೋಡೆಗೆ ಹಾಕಿದ್ದ ಬೆಲೆಪಟ್ಟಿಯ ಮುಂದೆ ನಿಂತು ಕನ್ನಡಕ ಏರಿಸಿ ಓದಿದ. ಟೊಪ್ಪಿಗೆ ತೆಗೆದ. ಮತ್ತೊಮ್ಮೆ ಓದಿದ.

"ಇದೇನಮ್ಮ, ಸೂಪಿಗೆ ಬೆಲೆ ಹಾಕಿದೀಯಾ?"

"ಹೋಟೆಲ್ ಅಲ್ವಾ ಮಾಮ."

"ಅದು ಹೊರಗಿನವರಿಗೆ ತಾನೆ?"

"ಎಲ್ಲರಿಗೂ."

ಮ್ಯಾನ್ಸಿ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸಿದ. "ನಿಮ್ಮಪ್ಪನ ಮನೇಲಿ ನಲವತ್ತು ವರ್ಷ ಉಂಡಿದೀನಿ. ನಿನ್ನ ಕೈಗೆ ದುಡ್ಡು ಕೊಟ್ಟು ಉಣ್ಣೋದು ಅಂದ್ರೆ ನಿಮ್ಮಪ್ಪನ ಮುಖಕ್ಕೆ ಉಗಿದ ಹಾಗೆ ತಾಯಿ. ನನ್ನ ಕೈಲಿ ಆಗೋದಿಲ್ಲ." ಅಷ್ಟು ಹೇಳಿ ಕೂತು ಎರಡು ಬಟ್ಟಲು ಸೂಪು ಕುಡಿದು, ಮಾರನೆಯ ದಿನ ಎರಡು ಡಜನ್ ಮೊಟ್ಟೆ ತಂದಿಟ್ಟು ಹೋದ. ಉಳಿದವರೂ ಹಾಗೆಯೇ. ಒಬ್ಬರು ಆಲೂಗಡ್ಡೆ, ಒಬ್ಬರು ಹಸಿ ಮೀನು, ಇನ್ನೊಬ್ಬರು ಕುರಿಯ ತೊಡೆ. ಓಸ್ಲಾಳ ಉಗ್ರಾಣ ತುಂಬಿ ತುಳುಕುತ್ತಿತ್ತು. ಅದನ್ನೆಲ್ಲ ಬೇಯಿಸಿದರೆ ತಿನ್ನಲು ಮತ್ತೆ ಅವರೇ ಬರುತ್ತಿದ್ದರು, ಮತ್ತೆ ಮೊಟ್ಟೆ ತರುತ್ತಿದ್ದರು.

ಜುಲೈ ಮೊದಲ ವಾರ ಅವಳು ಊರಿನವರನ್ನೆಲ್ಲ ಶಾಲೆಯಲ್ಲಿ ಸೇರಿಸಿದಳು. ಎಲ್ಲರೂ ಬಂದರು. ಬರುವಾಗ ಬರಿಗೈಯಲ್ಲಿ ಬರಲಾಗದೆ ಕೇಕು, ಬಿಸ್ಕತ್ತು, ಬ್ಯಾನಕ್ ಹೊತ್ತು ತಂದರು. ಓಸ್ಲಾ ಆ ತಟ್ಟೆಗಳನ್ನು ನೋಡಿ ನೋಡದಂತೆ ಎದ್ದು ನಿಂತು, ಮೊದಲೇ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಹೇಳಿದಳು. ಹೋಟೆಲ್ ಹೀಗೇ ನಡೆದರೆ ಮುಂದಿನ ವರ್ಷ ತಾನು ಇಲ್ಲಿರುವುದಿಲ್ಲ. ಶನಿವಾರ ಒಂದು ದಿನ, ನಾಲ್ಕೂವರೆ ಗಂಟೆ ಹೊತ್ತು, ದಯವಿಟ್ಟು ಯಾರೂ ಯಾರನ್ನೂ ಒಳಗೆ ಕರೆಯಬಾರದು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಹೋಗಿಬಿಡುತ್ತಾಳೆಂಬ ಮಾತು ಅವರಿಗೆ ನಿಜವಾಗಿ ನೋವು ಮಾಡಿತ್ತು. ದ್ವೀಪದಲ್ಲಿದ್ದವರು ಮೂವತ್ತೊಂದು ಜನ, ಅವರಲ್ಲಿ ನಲವತ್ತಕ್ಕಿಂತ ಚಿಕ್ಕವಳು ಅವಳೊಬ್ಬಳೇ.

"ಆಯ್ತು ಬಿಡಮ್ಮ," ಅಂದ ಮ್ಯಾನ್ಸಿ. "ನಿನಗೋಸ್ಕರ ಬಾಯಿಗೆ ಬೀಗ ಹಾಕ್ಕೋತೀವಿ."

"ಮಳೆ ಬಂದ್ರೆ?" ಅಂದಳು ಸಿನ್ನಿ ಅತ್ತೆ.

"ಮಳೆ ಬಂದ್ರೂ ಅಷ್ಟೇ ಅತ್ತೆ."

"ಮಳೇಲಿ ನೆಂದವರನ್ನ ನೋಡ್ಕೊಂಡು ನಿಂತ್ಕೊಳ್ಳೋಕಾಗತ್ತಾ? ಒಂದು ಕಪ್ ಚಾ ಆದ್ರೂ ಕೊಡಬೇಕಲ್ವೇನೆ. ಬರೀ ಚಾ."

ಓಸ್ಲಾ ದಣಿದಿದ್ದಳು. "ಸರಿ, ಬರೀ ಚಾ," ಅಂದುಬಿಟ್ಟಳು. ಅದೇ ಅವಳು ಮಾಡಿದ ತಪ್ಪು. ಬೇರೆ ಊರಿನವಳಾಗಿದ್ದರೆ ತಿಳಿಯಲಿಲ್ಲ ಅನ್ನಬಹುದಿತ್ತು, ಇದೇ ನೆಲದಲ್ಲಿ ಹುಟ್ಟಿದವಳಿಗೆ ತಿಳಿದಿರಬೇಕಿತ್ತು. ಸ್ಕೆಲ್ಡೇಯಲ್ಲಿ ಬರೀ ಚಾ ಎಂದರೆ ಚಾ, ಅದರ ಜೊತೆ ಬೆಣ್ಣೆ ಹಚ್ಚಿದ ಬ್ಯಾನಕ್, ಬ್ಯಾನಕ್ ಒಳಗೆ ಉಪ್ಪುಮಾಂಸದ ಚೂರು, ಆಮೇಲೆ ಚೀಸ್, ರೂಬಾರ್ಬ್ ದಂಟಿನ ಜಾಮ್, ಕೊನೆಗೆ ಎರಡು ಬಗೆಯ ಕೇಕು. ಆ ತಿಂಗಳು ಶನಿವಾರಗಳಂದು ಮಳೆಯೂ ಚೆನ್ನಾಗಿ ಬಂತು.

ಇನ್ನೊಂದೇ ದಾರಿ ಉಳಿದಿತ್ತು. ಓಸ್ಲಾ ಕೈಪಿಡಿ ಬರೆಯುವವನಿಗೆ ಕಾಗದ ಹಾಕಿದಳು. ಆ ಕೆಟ್ಟ ಸಾಲು ಹೋಗಿ ಅಲ್ಲಿ ಅವಳ ಹೋಟೆಲಿನ ಹೆಸರು ಬಂದರೆ, ಜನ ದೋಣಿ ಹತ್ತುವಾಗಲೇ ಇಂಥ ಕಡೆ ಊಟ ಎಂದು ಮನಸ್ಸು ಮಾಡಿಕೊಂಡು ಹತ್ತುತ್ತಾರೆ, ಯಾರು ಕರೆದರೂ ನಿಲ್ಲುವುದಿಲ್ಲ. ಹದಿನೈದು ದಿನಕ್ಕೆ ಉತ್ತರ ಬಂತು. ಟೆಂಪಲ್ಟನ್ ಎಂಬಾತ ಸಹಿ ಹಾಕಿದ್ದ. ಆಗಸ್ಟ್ ಎರಡನೇ ಶನಿವಾರ ತಾನು ಬರುವುದಾಗಿ ಬರೆದಿದ್ದ. ತಾನೇ ಕೂತು ಉಣ್ಣದ ಜಾಗದ ಬಗ್ಗೆ ತಾನು ಒಂದಕ್ಷರವನ್ನೂ ಬರೆಯುವುದಿಲ್ಲ, ಇದು ಇಪ್ಪತ್ತು ವರ್ಷದಿಂದ ಪಾಲಿಸಿಕೊಂಡು ಬಂದ ನಿಯಮ. ಆದ್ದರಿಂದ ಊಟ ಸಿದ್ಧವಿರಲಿ.

ಓಸ್ಲಾ ಆ ಕಾಗದ ಹಿಡಿದು ಮನೆಮನೆಗೂ ಹೋದಳು. "ಈ ಒಬ್ಬ ಮನುಷ್ಯ. ಇವನೊಬ್ಬನನ್ನ ಖಾಲಿ ಹೊಟ್ಟೇಲಿ ನನ್ನ ಹತ್ರ ಕಳಿಸಿ. ನಾನು ಇಲ್ಲಿರೋದೂ ಹೋಗೋದೂ ಇವನ ಕೈಲಿದೆ," ಎಂದು ಒಂಬತ್ತು ಬಾಗಿಲಲ್ಲಿ ಒಂಬತ್ತು ಸಲ ಹೇಳಿದಳು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಸಿನ್ನಿ ಅತ್ತೆಯಂತೂ ಸೊಸೆಯ ಕೈ ಹಿಡಿದುಕೊಂಡು, "ನೀನೇನೂ ಯೋಚ್ನೆ ಮಾಡ್ಬೇಡ ಮಗಾ, ನಾವೆಲ್ಲ ಇಲ್ವಾ," ಅಂದಳು.

ಆ ಶನಿವಾರ ಆಕಾಶ ಅಪರೂಪಕ್ಕೆ ತಿಳಿಯಾಗಿತ್ತು. ಓಸ್ಲಾ ನಾಲ್ಕು ಗಂಟೆಗೇ ಎದ್ದು ಸೂಪಿಗಿಟ್ಟಳು, ಬ್ಯಾನಕ್ ಬಡಿದಳು, ಬೆಳಗ್ಗೆ ಹಿಡಿದು ತಂದ ಮೀನನ್ನು ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿ ಇಟ್ಟಳು. ಉತ್ತರದ ಕಿಟಕಿಯ ಪಕ್ಕದ ಮೇಜಿಗೆ ಅಜ್ಜಿಯ ಕಾಲದ ಬಟ್ಟೆ ಹಾಸಿದಳು. ಹನ್ನೊಂದಕ್ಕೆ ದೋಣಿಯ ಸೀಟಿ ಕೇಳಿಸಿತು. ನಿಧಾನಕ್ಕೆ ನಡೆದರೂ ಹನ್ನೆರಡಕ್ಕೆ ಬರಬೇಕು.

ಹನ್ನೆರಡಕ್ಕೆ ಬರಲಿಲ್ಲ. ಒಂದಕ್ಕೂ ಇಲ್ಲ. ಎರಡಕ್ಕೆ ಸೂಪಿಗೆ ನೀರು ಹಾಕಿ ಮತ್ತೆ ಕುದಿಸಿದಳು. ಹೋಗಿ ನೋಡೋಣವೆಂದರೆ, ತಾನು ಹೋದಾಗಲೇ ಅವನು ಬಂದು ಬಾಗಿಲು ತಟ್ಟಿದರೆ? ಹೊಸ್ತಿಲಲ್ಲಿ ನಿಂತು ನಿಂತು ಕಾಲು ಸೋತವು. ಎರಡು ಮುಕ್ಕಾಲಿಗೆ ರಸ್ತೆಯ ತಿರುವಿನಲ್ಲಿ ಒಬ್ಬ ಗಿಡ್ಡನೆಯ ಗಂಡಸು ಕಾಣಿಸಿದ. ಕೋಟಿನ ಗುಂಡಿಗಳೆಲ್ಲ ಬಿಚ್ಚಿದ್ದವು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಪಕ್ಕದಲ್ಲಿ ಮ್ಯಾನ್ಸಿ ಅವನ ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದ.

"ಓಸ್ಲಾ, ಜೋಪಾನವಾಗಿ ಕರ್ಕೊಂಡು ಬಂದಿದೀನಿ ನೋಡು," ಅಂದ ಮ್ಯಾನ್ಸಿ, ಗೆದ್ದು ಬಂದವನ ದನಿಯಲ್ಲಿ.

ಟೆಂಪಲ್ಟನ್ ಕುರ್ಚಿಯಲ್ಲಿ ಕೂತವನೇ ಕಣ್ಣು ಮುಚ್ಚಿದ. "ಅಮ್ಮಾ, ಒಂದು ಲೋಟ ನೀರು ಕೊಡ್ತೀರಾ?"

ಓಸ್ಲಾ ಮ್ಯಾನ್ಸಿಯನ್ನು ಬಾಗಿಲ ಹೊರಗೆ ಎಳೆದಳು. "ಏನ್ ಮಾಡಿದ್ರಿ ಅವನಿಗೆ?"

"ಏನೂ ಇಲ್ಲ ಕಣಮ್ಮ. ನಿನ್ನ ಬಗ್ಗೆ ನಾಲ್ಕು ಒಳ್ಳೇ ಮಾತು ಹೇಳಿದ್ವಿ. ಎಲ್ರೂ ಹೇಳಿದ್ದಾರೆ. ಸಿನ್ನಿ ನಿನ್ನ ಸೂಪಿನ ವಿಷ್ಯ ಅರ್ಧ ಗಂಟೆ ಹೇಳಿದ್ಳಂತೆ."

"ಹೇಳೋವಾಗ ತಿನ್ನೋಕೆ ಕೊಟ್ರಾ?"

ಮ್ಯಾನ್ಸಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮತ್ತೆ? ಮನುಷ್ಯನನ್ನ ಬಾಯಿ ಒಣಗಿಸ್ಕೊಂಡು ಕೂರಿಸಿ ಮಾತಾಡೋಕಾಗತ್ತಾ? ಸಿನ್ನಿ ಅಂದ್ಳು, ಓಸ್ಲಾಗೆ ಸೂಪು ಕಲಿಸಿದ್ದೇ ನಾನು, ರುಚಿ ನೋಡಿ ಅಂತ. ನಾನೂ ಏನ್ ಹೆಚ್ಚಿಗೆ ಕೊಡ್ಲಿಲ್ಲ. ಎರಡು ಮೊಟ್ಟೆ, ಒಂದ್ ಸ್ವಲ್ಪ ಮಾಂಸ."

ಒಂಬತ್ತು ಮನೆಯವರು ಅವಳಿಗೆ ಸಹಾಯವಾಗಲಿ ಎಂದೇ ಅವನನ್ನು ಒಳಗೆ ಕರೆದಿದ್ದರು. ಎಷ್ಟು ಪ್ರೀತಿಯಿಂದ ಹೊಗಳಿದರೋ ಅಷ್ಟೇ ಪ್ರೀತಿಯಿಂದ ಬಡಿಸಿದ್ದರು. ಓಸ್ಲಾಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಮುದುಕನ ಮುಖದಲ್ಲಿ ಮೆಚ್ಚುಗೆಯ ಮಾತಿಗೆ ಕಾಯುವ ನಗು ಕಾಣುತ್ತಿತ್ತು.

ಅವಳು ಒಳಗೆ ಹೋಗಿ ಚಿಕ್ಕ ಬಟ್ಟಲಿನಲ್ಲಿ ನಾಲ್ಕೇ ಚಮಚ ಸೂಪು ತಂದಿಟ್ಟಳು. ಟೆಂಪಲ್ಟನ್ ಸಜ್ಜನ. ಚಮಚ ಎತ್ತಿದ, ತುಟಿಯವರೆಗೆ ತಂದ, ಹಣೆಯಲ್ಲಿ ಬೆವರೊಡೆಯಿತು, ಕೆಳಗಿಟ್ಟ.

"ಕ್ಷಮಿಸಿ. ಆಗ್ತಾ ಇಲ್ಲ."

"ಒಂದೇ ಚಮಚ ಸಾರ್."

"ಒಂದು ಚಮಚ ಒಳಗೆ ಹೋದ್ರೆ ಉಳಿದದ್ದೆಲ್ಲ ಹೊರಗೆ ಬರುತ್ತೆ. ನಿಮ್ಮ ಮೇಜಿನ ಬಟ್ಟೆ ಬೇರೆ ತುಂಬ ಚೆನ್ನಾಗಿದೆ."

ಅವನು ಕಿಟಕಿಯ ಕಡೆ ತಿರುಗಿ ಉದ್ದುದ್ದ ಉಸಿರೆಳೆದುಕೊಂಡು ಕೂತ. ಹೊರಗೆ ಸಮುದ್ರದ ನಡುವೆ ಮೂರು ಕರೀ ಬಂಡೆಗಳು, ಬಂಡೆಯ ತುಂಬ ಪಫಿನ್‌ಗಳು, ಅಲೆ ಬಡಿದು ಏಳುತ್ತಿದ್ದ ಬಿಳಿ ನೊರೆ. ಇಪ್ಪತ್ತು ನಿಮಿಷ ಅವನು ಬೇರೇನನ್ನೂ ನೋಡಲಿಲ್ಲ. ಓಸ್ಲಾ ಅವನನ್ನೇ ನೋಡುತ್ತ ನಿಂತಿದ್ದಳು. ಮೂರೂಕಾಲಿಗೆ ಮ್ಯಾನ್ಸಿ ತನ್ನ ಹಳೇ ವ್ಯಾನ್ ತಂದು ನಿಲ್ಲಿಸಿದ. ಕೊನೇ ಪ್ರಯತ್ನವೆಂದು ಅವಳು ಸೂಪನ್ನು ಜಾಡಿಯಲ್ಲಿ ತುಂಬಿ, ಬಟ್ಟೆ ಸುತ್ತಿ, ಅವನ ಮಡಿಲಲ್ಲಿಟ್ಟಳು. "ಮನೆಗೆ ಹೋಗಿ ಹಸಿವಾದಾಗ ಕುಡೀರಿ. ಕುಡಿದು ನಿಜ ಬರೀರಿ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತಾನೇ ಬರೀರಿ."

ಮಂಗಳವಾರ ದೋಣಿಯ ಕೆಲಸಗಾರ ರಾಸ್ಮಿ ಟಪಾಲಿನ ಜೊತೆ ಜಾಡಿಯನ್ನು ತೊಳೆದು ವಾಪಸು ತಂದುಕೊಟ್ಟ.

"ಪಾಪ, ಆ ಮನುಷ್ಯ ದೋಣಿ ಹೊರಟಾಗಿನಿಂದ ಅಂಚಿನ ಕಂಬಿ ಹಿಡ್ಕೊಂಡು ವಾಂತಿ ಮಾಡ್ತಾನೇ ಇದ್ದ. ಈ ಜಾಡಿ ದೂರ ತಗೊಂಡು ಹೋಗು, ವಾಸನೆ ತಡ್ಕೊಳ್ಳೋಕಾಗ್ತಿಲ್ಲ ಅಂದ. ಹಾಳಾಗ್ಬಾರದು ಅಂತ ನಾನೇ ಕುಡಿದೆ. ಏನ್ ಸೂಪು ಮಾರಾಯ್ತಿ, ನಮ್ಮಮ್ಮನ್ನ ನೆನಪು ಮಾಡಿಬಿಟ್ಟೆ."

ಚಳಿಗಾಲವೆಲ್ಲ ಓಸ್ಲಾ ಸ್ವೆಟರ್ ಹೆಣೆದುಕೊಂಡು ಕಾದಳು. ಅಷ್ಟಾದರೂ ಅವಳಿಗೆ ಒಂದು ಆಸೆ ಉಳಿದಿತ್ತು. ಉಂಡಿಲ್ಲ ನಿಜ, ಆದರೆ ಹೋಟೆಲ್ ಇದೆ ಎಂಬುದನ್ನು ಕಣ್ಣಾರೆ ಕಂಡಿದ್ದಾನಲ್ಲ. ಒಂದು ಸಾಲು, ಒಂದು ಹೆಸರು, ಅಷ್ಟು ಸಾಕಿತ್ತು. ಮೀನಿನ ಕಾರ್ಖಾನೆಯ ಮೇಲ್ವಿಚಾರಕಿ ಫೋನ್ ಮಾಡಿ, ಮೇ ಕೊನೆಯೊಳಗೆ ಬಂದರೆ ಜಾಗ ಇದೆ, ಆಮೇಲೆ ಕೇಳಬೇಡ ಎಂದಿದ್ದಳು. ಓಸ್ಲಾ ನೋಡೋಣ ಎಂದಿದ್ದಳು.

ಏಪ್ರಿಲ್ ಎರಡನೇ ಮಂಗಳವಾರ ಕೈಪಿಡಿ ಬಂತು. ಸ್ಕೆಲ್ಡೇಗೆ ಈ ಸಲ ಪೂರ್ತಿ ಒಂದು ಪುಟ. ದಕ್ಕೆಯಲ್ಲೇ ನಿಂತು, ಗಾಳಿಗೆ ಹಾರುವ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಓದಿದಳು. 'ಊಟ: ಬುತ್ತಿ ಬೇಡವೇ ಬೇಡ. ಇಷ್ಟು ವರ್ಷ ತಪ್ಪು ಬರೆದದ್ದಕ್ಕೆ ನಾಚಿಕೆಯಾಗುತ್ತಿದೆ. ದಾರಿಯಲ್ಲಿರುವ ಒಂಬತ್ತು ಮನೆಗಳಲ್ಲಿ ಯಾವುದರ ಬಾಗಿಲನ್ನಾದರೂ ತಟ್ಟಿ. ಮೊದಲ ಮನೆಯ ಸಿನ್ನಿಯವರ ಸೂಪಿಗೆ ಸಾಟಿಯಿಲ್ಲ. ಹಣ ಕೊಡಲು ಹೋಗಬೇಡಿ, ನೊಂದುಕೊಳ್ಳುತ್ತಾರೆ.'

ಅದರ ಕೆಳಗೆ ನೋಡಬೇಕಾದ ಜಾಗಗಳು. ದೀಪಸ್ತಂಭ, ಪಫಿನ್ ಬಂಡೆ, ಪುರಾತನ ಕಲ್ಲುಗೋಪುರದ ಅಡಿಪಾಯ. ನಾಲ್ಕನೆಯದು: 'ಹಳೇ ಶಾಲೆ. ಇದರ ಉತ್ತರದ ಕಿಟಕಿಯಿಂದ ಕಾಣುವ ನೋಟ ಇಡೀ ದ್ವೀಪದಲ್ಲೇ ಚೆಲುವಾದದ್ದು. ಶಾಲೆಯನ್ನು ನೋಡಿಕೊಳ್ಳುವ ಹೆಂಗಸು ಕೇಳಿದರೆ ಕುಡಿಯಲು ನೀರು ಕೊಡುತ್ತಾರೆ.'

ಸಂಜೆ ಹೊತ್ತಿಗೆ ಊರೇ ಶಾಲೆಗೆ ಬಂತು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತಟ್ಟೆ. ಸಿನ್ನಿ ಅತ್ತೆ ಕಣ್ಣೊರೆಸಿಕೊಂಡಳು. "ನೋಡಿದ್ಯಾ ಮಗಾ, ನಮ್ಮೂರಿಗೆ ಒಂದು ಪುಟ. ನಿನ್ನ ಶಾಲೆ ಹೆಸರೂ ಬಂದಿದೆ. ಅವನಿಗೆ ನಿನ್ನ ವಿಷ್ಯ ಹೇಳಿದ್ದು ಎಷ್ಟು ಒಳ್ಳೇದಾಯ್ತು."

"ಅದರಲ್ಲಿ ಹೋಟೆಲ್ ಅಂತ ಇಲ್ಲ ಅತ್ತೆ."

"ಜನ ಬರ್ತಾರಲ್ವೇನೆ ಕಿಟಕಿ ನೋಡೋಕೆ. ಬಂದವರು ನಿನ್ನ ಹತ್ರ ತಿನ್ನದೇ ಹೋಗ್ತಾರಾ? ಸುಮ್ನೆ ಕೊರಗ್ಬೇಡ."

ಅದೂ ನಿಜವಿರಬಹುದೆಂದು ಓಸ್ಲಾ ಒಂದು ಶನಿವಾರ ನೋಡಲು ಒಪ್ಪಿದಳು. ಒಂದೇ ಒಂದು.

ಮೇ ಮೊದಲ ಶನಿವಾರ ದೋಣಿಯಿಂದ ನಲವತ್ತಾರು ಜನ ಇಳಿದರು. ಅಷ್ಟು ಜನ ಒಟ್ಟಿಗೆ ಇಳಿದದ್ದನ್ನು ದ್ವೀಪ ಕಂಡೇ ಇರಲಿಲ್ಲ. ಹನ್ನೆರಡೂವರೆಯಿಂದ ಶಾಲೆಗೂ ಬರತೊಡಗಿದರು. ಕೈಪಿಡಿ ಹಿಡಿದು ಒಳಗೆ ಬಂದು, ಓಸ್ಲಾಳಿಗೆ ನಮಸ್ಕಾರ ಹೇಳಿ, ಮೇಜುಗಳ ನಡುವೆ ದಾರಿ ಮಾಡಿಕೊಂಡು ಉತ್ತರದ ಕಿಟಕಿಯ ಮುಂದೆ ಸಾಲಾಗಿ ನಿಂತು ಫೋಟೋ ತೆಗೆದರು. ಇಬ್ಬರು ನೀರು ಕೇಳಿದರು. ಒಬ್ಬ ಗಂಡಸು ಒಲೆಯ ಮೇಲಿನ ಪಾತ್ರೆಯನ್ನು ಮೂಸಿ, "ಒಳ್ಳೇ ವಾಸನೆ, ನಿಮ್ಮ ಮಧ್ಯಾಹ್ನದ ಊಟನಾ?" ಎಂದು ವಿಚಾರಿಸಿದ. ಹೌದು ಎಂದಳು. ಬೆಲೆಪಟ್ಟಿ ಅವನ ತಲೆಯ ಮೇಲೇ ತೂಗುತ್ತಿತ್ತು. ಹೋಗುವಾಗ ಎಲ್ಲರೂ ಕೇಳಿದ್ದು ಒಂದೇ, ಸಿನ್ನಿಯವರ ಮನೆಗೆ ಮತ್ತೆ ಹೋದರೆ ಇನ್ನೂ ಸೂಪು ಉಳಿದಿರಬಹುದೇ ಎಂದು.

ಒಂದೂವರೆಗೆ ಮ್ಯಾನ್ಸಿಯ ವ್ಯಾನ್ ಬಂದು ನಿಂತಿತು. ಮುದುಕ ಇಳಿದವನೇ ಒಳಗೆ ಓಡಿ ಬಂದ.

"ಸಿನ್ನಿ ಮನೇಲಿ ಹಿಟ್ಟು ಮುಗಿದೋಗಿದೆ. ನನ್ನ ಮನೇಲೂ ಇಲ್ಲ, ಯಾರ ಮನೇಲೂ ಇಲ್ಲ. ಅಲ್ಲಿ ಇಪ್ಪತ್ತು ಜನ ಕೂತಿದಾರೆ, ಇನ್ನೂ ಬರ್ತಾ ಇದಾರೆ. ಬಾಗಿಲಿಗೆ ಬಂದವರನ್ನ ಹಸಿದ ಹೊಟ್ಟೇಲಿ ಕಳಿಸೋಕಾಗತ್ತಾ? ಮರ್ಯಾದೆ ಹೋಗತ್ತೆ ಕಣಮ್ಮ. ನಿನ್ನ ಹತ್ರ ಏನಿದೆ?"

ಓಸ್ಲಾಳ ಹತ್ತಿರ ಎಲ್ಲವೂ ಇತ್ತು. ಯಾರೂ ಮುಟ್ಟದ ಅರವತ್ತು ಬ್ಯಾನಕ್, ಪಾತ್ರೆ ತುಂಬ ಸೂಪು, ಹಿಟ್ಟಿನ ಚೀಲ. ಕೊಡುವುದಿಲ್ಲ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಅದನ್ನು ಹೇಳಿದರೆ ಏನಾಗುತ್ತದೆಂದು ಒಂದು ಕ್ಷಣ ಯೋಚಿಸಿದಳು. ಎಪ್ಪತ್ತೇಳು ತುಂಬಿದ ಅತ್ತೆ ಖಾಲಿ ಪಾತ್ರೆಯ ಮುಂದೆ ನಿಂತು ಜನರ ಮುಖ ನೋಡಲಾರದೆ ಒದ್ದಾಡುತ್ತಾಳೆ. ಓಸ್ಲಾ ಹಲ್ಲು ಕಚ್ಚಿ ಪಾತ್ರೆಯ ಒಂದು ಹಿಡಿ ಹಿಡಿದಳು, ಮ್ಯಾನ್ಸಿ ಇನ್ನೊಂದು ಹಿಡಿದ.

ಸಿನ್ನಿ ಅತ್ತೆಯ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಮೆಟ್ಟಿಲ ಮೇಲೆ, ಇಂಧನದ ಪೆಟ್ಟಿಗೆಯ ಮೇಲೆ, ಮಂಚದ ಮೇಲೆ ಕೂತಿದ್ದರು. ಅತ್ತೆಯ ಮುಖ ಬಿಳಿಚಿಕೊಂಡಿತ್ತು, ಬಾಯಿ ಮಾತ್ರ ಬನ್ನಿ ಬನ್ನಿ ಎನ್ನುತ್ತಲೇ ಇತ್ತು. ಓಸ್ಲಾ ಅವಳನ್ನು ಒಲೆಯ ಪಕ್ಕ ಕೂರಿಸಿ ತಾನೇ ಬಡಿಸಲು ನಿಂತಳು. ಒಂದೂವರೆ ಗಂಟೆ ಬಡಿಸಿದಳು. ಒಂದು ವರ್ಷ ಒಬ್ಬ ಪ್ರವಾಸಿಯೂ ಮುಟ್ಟದಿದ್ದ ಅವಳ ಸೂಪನ್ನು ಜನ ಕಾದು ನಿಂತು, ಬಟ್ಟಲು ಚಾಚಿ, ಕೇಳಿ ಕೇಳಿ ಹಾಕಿಸಿಕೊಂಡು ಕುಡಿದರು. ಪಾತ್ರೆಯ ತಳ ಕಾಣಿಸಿತು.

ಹಸಿರು ಮಳೆಕೋಟಿನ ಹೆಂಗಸೊಬ್ಬಳು ಬ್ಯಾನಕ್ಕಿನ ಕೊನೇ ಚೂರಿನಿಂದ ಬಟ್ಟಲನ್ನು ಒರೆಸಿ ತಿಂದು, ಓಸ್ಲಾಳ ಮೊಣಕೈ ಮುಟ್ಟಿದಳು. "ಇದನ್ನೆಲ್ಲ ಮಾಡಿದ್ದು ನೀವಂತೆ. ಇಷ್ಟು ಚೆನ್ನಾಗಿ ಮಾಡ್ತೀರಿ, ನೀವೇ ಯಾಕೆ ಒಂದು ಹೋಟೆಲ್ ಇಡಬಾರದು?"

ಓಸ್ಲಾ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡಳು. "ಇಟ್ಟಿದೀನಿ. ನೋಡಬೇಕಾದ ಜಾಗಗಳಲ್ಲಿ ನಾಲ್ಕನೇದು. ಆಗ್ಲೇ ನೋಡ್ಕೊಂಡು ಬಂದ್ರಿ."

ಹೆಂಗಸು ತಮಾಷೆಯೆಂದುಕೊಂಡು ನಕ್ಕಳು. ದೋಣಿಯ ಸೀಟಿ ಕೇಳಿಸಿತು. ಐದೇ ನಿಮಿಷದಲ್ಲಿ ಮನೆ ಖಾಲಿಯಾಯಿತು, ಎಲ್ಲರೂ ಸಿನ್ನಿ ಅತ್ತೆಯ ಕೈ ಕುಲುಕಿ ಹೋದರು. ಓಸ್ಲಾ ಅಂಗಿಯ ತೋಳು ಮಡಚಿ ಬಟ್ಟಲುಗಳನ್ನು ತೊಳೆಯತೊಡಗಿದಳು.

"ಮಂಗಳವಾರದ ದೋಣಿಗೆ ಹೋಗ್ತಾ ಇದೀನಿ ಅತ್ತೆ," ಅಂದಳು, ತಿರುಗದೆ.

"ಪೇಟೆಗಾ? ಹಿಟ್ಟು ತರೋಕಾ?"

"ಕಾರ್ಖಾನೆಗೆ. ಶಾಲೆ ಬೀಗದ ಕೈ ಮ್ಯಾನ್ಸಿ ಮಾಮನ ಹತ್ರ ಕೊಟ್ಟಿರ್ತೀನಿ. ಕಿಟಕಿ ನೋಡೋಕೆ ಬರ್ತಾರಲ್ಲ."

ಓಸ್ಲಾ ಕೊನೇ ಬಟ್ಟಲನ್ನು ಬೋರಲು ಹಾಕಿ ತಿರುಗಿ ನೋಡಿದಳು. ಸಿನ್ನಿ ಅತ್ತೆ ಖಾಲಿ ಪಾತ್ರೆಯನ್ನು, ಮೇಜಿನ ಮೇಲಿನ ರೊಟ್ಟಿಯ ಪುಡಿಯನ್ನು, ಸೊಸೆಯ ಕೆಂಪಗಾದ ಕೈಗಳನ್ನು ನೋಡುತ್ತಿದ್ದಳು. ಅವಳಿಗೆ ಒಂದೊಂದಾಗಿ ಅರ್ಥವಾಗುತ್ತಿರುವುದು ಆ ಮುದಿ ಮುಖದಲ್ಲಿ ಕಾಣುತ್ತಿತ್ತು. ಓಸ್ಲಾ ಕಾದಳು. ತಪ್ಪಾಯಿತು ಎಂಬ ಒಂದು ಮಾತಿಗೆ, ಹೋಗಬೇಡ ಎಂಬ ಒಂದು ಮಾತಿಗೆ ಅವಳು ಒಂದು ವರ್ಷದಿಂದ ಕಾದಿದ್ದಳು.

ಸಿನ್ನಿ ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದಳು. ಕಪಾಟಿನ ಹಿಂದೆ ಯಾರಿಗೂ ಕಾಣದಂತೆ ಬಟ್ಟೆ ಮುಚ್ಚಿ ಎತ್ತಿಟ್ಟಿದ್ದ ಒಂದು ತಟ್ಟೆ ತೆಗೆದಳು. ಅದರಲ್ಲಿ ಓಸ್ಲಾಳದೇ ಒಂದು ಬ್ಯಾನಕ್ ಇತ್ತು. 

"ಬಂದಾಗಿನಿಂದ ಒಂದ್ ತುತ್ತೂ ತಿಂದಿಲ್ಲ ನೀನು. ನಾನು ನೋಡ್ತಾನೇ ಇದೀನಿ," ಎಂದು ದಪ್ಪಗೆ ಬೆಣ್ಣೆ ಹಚ್ಚುತ್ತ ಹೇಳಿದಳು. ಅವಳ ಕಣ್ಣಿಂದ ನೀರು ಇಳಿದು ಗಲ್ಲದ ಮೇಲೆ ನಿಂತಿತ್ತು. "ಕೂತ್ಕೋ. ಮೊದ್ಲು ತಿನ್ನು."

ಓಸ್ಲಾಳಿಗೆ ಆ ತಟ್ಟೆಯನ್ನು ಎತ್ತಿ ಗೋಡೆಗೆ ಬೀಸಬೇಕೆನಿಸಿತು. ಆದರೆ ಅವಳಿಗೆ ಹಸಿವಾಗಿತ್ತು, ತುಂಬ ಹಸಿವಾಗಿತ್ತು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕುರ್ಚಿ ಎಳೆದು ಕೂತು ತಿಂದಳು.